ಮಕ್ಕಳ ಮಲಗುವ ಜಾಗ: ಕಾನೂನು ಮತ್ತು ವಿವೇಕ

ಹದಡಿಯಂಥ ಊರುಗಳ ಹಳೆಯ ಮನೆಗಳಲ್ಲಿ ಪಡಸಾಲೆ, ನಡುಮನೆ, ಅಡುಗೆಮನೆ, ದೇವರ ಕೋಣೆಗಳಿರುತ್ತಿದ್ದವೇ ಹೊರತು ಮಕ್ಕಳಿಗೆಂದೇ ಒಂದು ಕೋಣೆ ಇರುತ್ತಿರಲಿಲ್ಲ; ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಬಿಡಿಸಿ ಕೌದಿ ಹಾಸಿದರೆ ಅಜ್ಜಿಯ ಮಗ್ಗುಲಲ್ಲಿ ಮೊಮ್ಮಕ್ಕಳೆಲ್ಲ ಸಾಲಾಗಿ ಮಲಗುತ್ತಿದ್ದರು. ಅಣ್ಣತಂಗಿಯರು ಎಷ್ಟನೇ ವಯಸ್ಸಿನವರೆಗೆ ಒಂದೇ ಕೋಣೆಯಲ್ಲಿರಬಹುದು ಎಂಬ ಪ್ರಶ್ನೆ ಗಟ್ಟಿಯಾಗಿ ಕೇಳತೊಡಗಿದ್ದು, ಆ ಅಜ್ಜಿಯಿಲ್ಲದ ಸಂಸಾರಗಳು ದಾವಣಗೆರೆ, ಹರಿಹರಗಳ ಬಾಡಿಗೆ ಮನೆ ಸೇರಿದ ಮೇಲೆ ಎನ್ನಬೇಕು.

ಈ ಪ್ರಶ್ನೆಗೆ ಭಾರತದ ಕಾನೂನಿನಲ್ಲಿ ಉತ್ತರವಿಲ್ಲ. ಇಂಗ್ಲೆಂಡಿನ 1985ರ ವಸತಿ ಕಾಯ್ದೆಯು, ದಂಪತಿಗಳಲ್ಲದ, ಹತ್ತು ವರ್ಷ ತುಂಬಿದ ಗಂಡುಹೆಣ್ಣುಗಳು ಒಂದೇ ಕೋಣೆಯಲ್ಲಿ ಮಲಗಲೇಬೇಕಾದ ಮನೆಯನ್ನು ಕಿಕ್ಕಿರಿದ ಮನೆಯೆಂದು ಗುರುತಿಸುತ್ತದೆಯಾದರೂ, ಅಲ್ಲಿಯೂ ಹಜಾರವನ್ನು ಮಲಗುವ ಜಾಗವೆಂದೇ ಲೆಕ್ಕ ಹಿಡಿಯುತ್ತಾರೆ. ನಮ್ಮಲ್ಲಿ ಇಂಥ ಅಳತೆಯಿರುವುದು ಮನೆಗಳಿಗಲ್ಲ, ಮಕ್ಕಳ ಪಾಲನಾ ಸಂಸ್ಥೆಗಳಿಗೆ: ಬಾಲನ್ಯಾಯ ಕಾಯ್ದೆಯಡಿ ಬಂದ 2016ರ ಮಾದರಿ ನಿಯಮಗಳು 25 ಮಕ್ಕಳ ಮಲಗುವ ಕೊಠಡಿಗೆ ಸಾವಿರ ಚದರಡಿ, ಅಂದರೆ ತಲೆಗೆ 40 ಚದರಡಿ ನಿಗದಿಪಡಿಸುತ್ತವೆ. 2011ರ ಜನಗಣತಿಯ ಪ್ರಕಾರ ದೇಶದ ಶೇ. 37ರಷ್ಟು ಕುಟುಂಬಗಳಿಗೆ ಇದ್ದದ್ದು ಒಂದೇ ಕೋಣೆ. ಗ್ರಾಮೀಣ ಆವಾಸ್ ಯೋಜನೆಯ ಮನೆಯ ಕನಿಷ್ಠ ವಿಸ್ತೀರ್ಣ ಅಡುಗೆಯ ಜಾಗವೂ ಸೇರಿ 25 ಚದರ ಮೀಟರ್. ಇಂಥ ಮನೆಯವರಿಗೆ ಮಗುವಿಗೊಂದು ಕೋಣೆ ಕೊಡಿ ಎಂದು ಉಪದೇಶಿಸುವುದು ಹುಡುಗಾಟವಾದೀತು.

ಕೋಣೆ ಹಂಚಿಕೊಳ್ಳುವುದರಿಂದಲೇ ಕೆಡುಕಾಗುವುದಿಲ್ಲ. ಎಳೆಗೂಸು ಮೊದಲ ಆರು ತಿಂಗಳಾದರೂ ತಾಯಿಯ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ. ತೊಟ್ಟಿಲು ಮಾಡುತ್ತಿದ್ದುದೂ ಇದನ್ನೇ. ತೊಡಕು ಶುರುವಾಗುವುದು ಒಂಬತ್ತು ಹತ್ತರ ಹೊತ್ತಿಗೆ, ಮಗು ಬಟ್ಟೆ ಬದಲಿಸುವಾಗ ಮರೆ ಹುಡುಕತೊಡಗಿದಾಗ. ಆಗ ಬೇಕಾಗುವುದು ಗೋಡೆಯಲ್ಲ: ಮೂಲೆಗೆ ಹಗ್ಗ ಕಟ್ಟಿ ಇಳಿಬಿಟ್ಟ ಹಳೆಯ ಸೀರೆ, ಒಳಗಿನಿಂದ ಅಗುಳಿ ಬೀಳುವ ಬಚ್ಚಲು, ಮುಟ್ಟಿನ ಬಟ್ಟೆ ಪ್ಯಾಡು ಇಟ್ಟುಕೊಳ್ಳಲು ಬೇರಾರೂ ಕೈಹಾಕದ ಪುಟ್ಟ ಟ್ರಂಕು. ನಿದ್ದೆಯ ಲೆಕ್ಕವೂ ಬೇರೆ ಬೇರೆ. ಆರರಿಂದ ಹನ್ನೆರಡು ವರ್ಷದವರಿಗೆ ಒಂಬತ್ತು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕಾಗಿರುವುದರಿಂದ, ಎಸ್ಸೆಸ್ಸೆಲ್ಸಿ ಓದುವ ಅಕ್ಕನ ದೀಪವನ್ನು ತಮ್ಮನ ಮುಖದ ಮೇಲಿಂದ ತಪ್ಪಿಸಿ ಪಡಸಾಲೆಗೆ ಒಯ್ಯುವುದು ಮೇಲು.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಮನೆ ತುಂಬಿದ ದಿನಗಳಲ್ಲಿ. ದಾವಣಗೆರೆಯ ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದಾಗ ಮಕ್ಕಳನ್ನು ಜಾಗವಿದ್ದಲ್ಲಿ ಮಲಗಿಸುವುದು ರೂಢಿ. ಇಂಥವರ ಪಕ್ಕ ಮಲಗಲಾರೆ ಎಂದು ಮಗು ಅಂದರೆ ಅದನ್ನು ಹಟವೆಂದು ಗದರುವುದೂ ರೂಢಿಯೇ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಾದರೋ, ರಕ್ತಸಂಬಂಧಿ ಅಥವಾ ಅದೇ ಮನೆಯಲ್ಲಿ ವಾಸವಿರುವವನು ಎಸಗಿದ ಅಪರಾಧವನ್ನು ಹೊರಗಿನವನದಕ್ಕಿಂತ ಗುರುತರವೆಂದು ಎಣಿಸಿ ಹೆಚ್ಚಿನ ಶಿಕ್ಷೆ ವಿಧಿಸುತ್ತದೆ. ನೆಂಟರಿಗೆ ಬೇಸರವಾದರೂ ಸರಿ, ಆ ರಾತ್ರಿ ಮಗುವಿನ ಚಾಪೆಯನ್ನು ತಾಯಿಯ ಬದಿಗೆ ಎಳೆದುಕೊಂಡು, ಕಾರಣವನ್ನು ಮರುದಿನ ಒಂಟಿಯಾಗಿ, ಸಮಾಧಾನದಿಂದ ಕೇಳಬೇಕು. ಸಂಶಯ ಉಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.