ಕೋರ್ಟ್ ಆದೇಶ ಶಾಲೆ ಗೇಟಿಗೆ ಮುಟ್ಟೋದು ಹೆಂಗ?

ಹಿರೇಕೆರೂರಿನ ಒಂದು ಶಾಲೆ ಅಂತ ಇಟ್ಕೊಳ್ಳಿ. ಸಂಜೆ ಗಂಟೆ ಹೊಡೀತು. ಗೇಟಿನಲ್ಲಿ ಬೈಕ್ ಮೇಲೆ ಅಪ್ಪ. "ಸರ್, ಮಗಳನ್ನ ಕರ್ಕೊಂಡು ಹೋಗ್ತೀನ್ರಿ." ಮಾಸ್ತರು ಕಳಿಸಿಯೇಬಿಟ್ಟರು. ಆತ ಶಾಲೆ ಹತ್ತಿರ ಸುಳಿಯಬಾರದು ಅಂತ ಕೋರ್ಟ್ ಹೇಳಿದ್ದು ಅವರಿಗೆ ಗೊತ್ತೇ ಇಲ್ಲ!

2005ರ ಕೌಟುಂಬಿಕ ಹಿಂಸೆ ಕಾಯ್ದೆಯ 18ನೇ ಕಲಂ ಪ್ರಕಾರ, ನೊಂದವರು ಮಗುವಾಗಿದ್ದರೆ ಅದರ ಶಾಲೆಗೂ ಕಾಲಿಡಬೇಡ ಅಂತ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಆದರೆ ಆದೇಶದ ಪ್ರತಿ ಯಾರಿಗೆ ಹೋಗುತ್ತೆ? 24ನೇ ಕಲಂ ಓದಿ: ಎರಡೂ ಕಡೆಯವರಿಗೆ, ಪೊಲೀಸ್ ಠಾಣೆಗೆ, ಸೇವಾ ಸಂಸ್ಥೆಗೆ. ಶಾಲೆಯ ಸುದ್ದಿಯೇ ಇಲ್ಲ. ನನ್ನ ಕೇಳಿದರೆ, ಇದು ದೊಡ್ಡ ಕೊರತೆನೇ.

ಹಾಗಾಗಿ ತಾಯಂದಿರೇ, ಶಾಲೆಗೆ ನೀವೇ ಮುಟ್ಟಿಸಿ. ನಿಮಗೆ ಪ್ರತಿ ಉಚಿತ. ಒಂದು ಜೆರಾಕ್ಸ್ ಹೆಡ್‌ಮಾಸ್ತರ್ ಕೈಗೆ ಕೊಟ್ಟು ಸ್ವೀಕೃತಿ ಸಹಿ ತಗೊಳ್ಳಿ. ಅರ್ಜಿ ಹಾಕುವಾಗಲೇ ಶಾಲೆಯ ಹೆಸರು ಬರೆಸಿ. ಹಾನಗಲ್ಲ, ಶಿಗ್ಗಾಂವ, ಸವಣೂರು, ಎಲ್ಲೇ ಇರಲಿ, ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಅವರ ಸಹಾಯ ಕೇಳಿ.

ಮಾಸ್ತರೇ, ಬರೀ ಬಾಯಿಮಾತು ನಂಬಿ ಯಾವ ಅಪ್ಪನನ್ನೂ ತಡೆಯಬೇಡಿ. ಆದೇಶದಲ್ಲಿ ಶಾಲೆ ಇದೆಯೇ, ಮಗು ಯಾರ ಸುಪರ್ದಿಯಲ್ಲಿದೆ, ನೋಡಿ. ಕಾಗದ ಬೀರುವಿನಲ್ಲಿರಲಿ. ಕ್ಲಾಸ್ ಟೀಚರ್‌ಗೆ, ಗೇಟ್ ಕಾಯುವವರಿಗೆ ಹೇಳಿದರೆ ಸಾಕು. ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಲೇಬೇಡಿ. ಊರ ಬಾಯಿಗೆ ಬಿದ್ದರೆ ಆ ಹುಡುಗಿ ಶಾಲೆನೇ ಬಿಟ್ಟಾಳು.

ಆದೇಶ ಇದ್ದೂ ಆತ ಬಂದರೆ ಜಗಳಕ್ಕೆ ನಿಲ್ಲಬೇಡಿ. ಮಗುವನ್ನು ಆಫೀಸಿನಲ್ಲಿ ಕೂರಿಸಿ, 112ಕ್ಕೆ ಫೋನ್ ಹಚ್ಚಿ. ಆದೇಶ ಮುರಿದವರಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.