ಮುಲಾಖತ್ತಿನ ಕೋಣೆಯಲ್ಲಿ

ಕಳೆದ ವರ್ಷ ಗಡಹಿಂಗ್ಲಜದ ಪಾಲಕರೊಬ್ಬರು ನನ್ನಲ್ಲಿಗೆ ಬಂದಿದ್ದರು. ಅವರ ಮಗಳು ನಮ್ಮ ಶಾಲೆಯಲ್ಲಿ ಓದಿ, ಮುಂದೆ ಇಂಜಿನಿಯರಿಂಗ್ ಪದವಿ ಪಡೆದವಳು. ಪುಣೆಯ ದೊಡ್ಡ ಕಾರ್ಖಾನೆಯೊಂದು ಅವಳನ್ನು ಮುಲಾಖತ್ತಿಗೆ ಕರೆದಿತ್ತು. “ಗುರುಗಳೇ, ಕನ್ನಡ ಶಾಲೆಯ ಹುಡುಗಿ. ಅಷ್ಟು ಮಂದಿ ಸಾಹೇಬರ ಮುಂದೆ ಏನು ಮಾತಾಡಿಯಾಳು? ಅದೂ ಗಂಡಸರ ಕೆಲಸ. ಕಳಿಸಲೋ ಬೇಡವೋ?” ಎಂದು ಕೇಳಿದರು. ಅವರಿಗೆ ಹೇಳಿದ ಸಂಗತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಧಾ ಕುಲಕರ್ಣಿ ಎಂಬ ತರುಣಿ ಓದುತ್ತಿದ್ದರು. ಇಂದು ಸುಧಾ ಮೂರ್ತಿಯೆಂದು ಕನ್ನಡಿಗರೆಲ್ಲ ಬಲ್ಲ ಲೇಖಕಿ ಇವರೇ. ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿ. ವಿ. ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಕಲಿತವರು. ಸೂಚನಾ ಫಲಕದ ಮೇಲೆ ಅವರೊಂದು ಪ್ರಕಟಣೆಯನ್ನು ಕಂಡರು. ಪುಣೆಯ ಟೆಲ್ಕೊ ಕಾರ್ಖಾನೆಗೆ ತರುಣ ಇಂಜಿನಿಯರರು ಬೇಕಾಗಿದ್ದರು. ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲವೆಂದು ಕೆಳಗೆ ಅಚ್ಚಾಗಿತ್ತು. ನೌಕರಿಯ ಆಸೆಗಿಂತ ಸಿಟ್ಟೇ ಹೆಚ್ಚಾಗಿ, ಅವರು ನೇರವಾಗಿ ಜೆ. ಆರ್. ಡಿ. ಟಾಟಾ ಅವರಿಗೇ ಒಂದು ಕಾರ್ಡು ಬರೆದು ಹಾಕಿದರು. ಟೆಲ್ಕೊದ ಅಧ್ಯಕ್ಷರು ಆಗ ಸುಮಂತ ಮೂಳಗಾಂವಕರರೆಂಬುದು ಅವರಿಗೆ ತಿಳಿದಿರಲಿಲ್ಲ. ಆ ಅಜ್ಞಾನವೇ ಉಪಕಾರ ಮಾಡಿತೆನ್ನಬೇಕು. ಹತ್ತು ದಿನಗಳೊಳಗೆ ತಂತಿ ಬಂದಿತು: ಕಂಪನಿಯ ಖರ್ಚಿನಲ್ಲಿ ಪುಣೆಗೆ ಬರಬೇಕು. ಗೆಳತಿಯರು ತಲೆಗೆ 30 ರೂಪಾಯಿ ಕೂಡಿಸಿ, ಬರುವಾಗ ಪುಣೆಯ ಸೀರೆ ತಾ ಎಂದು ಕೈಯಲ್ಲಿಟ್ಟರು.

ಸಂದರ್ಶಕರು ಆರು ಮಂದಿ. ಟಾಟಾ ಅವರಿಗೆ ಪತ್ರ ಬರೆದ ಹುಡುಗಿ ಇವಳೇ ಎಂದು ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ನೌಕರಿ ಸಿಗದೆಂದು ಆಗಲೇ ಖಚಿತವಾಗಿ, ಹೆದರಿಕೆಯೂ ಹೋಯಿತಂತೆ. ಇದು ಕೇವಲ ತಾಂತ್ರಿಕ ಪರೀಕ್ಷೆಯೆಂದು ಭಾವಿಸುತ್ತೇನೆ, ಎಂದು ಅವರೇ ಮೊದಲು ಹೇಳಿಬಿಟ್ಟರು. ಸ್ವಲ್ಪ ಉದ್ಧಟತನವಾಯಿತೆಂದು ಮುಂದೆ ಅವರೇ ಒಪ್ಪಿಕೊಂಡಿದ್ದಾರೆ; ನಮ್ಮ ವಿದ್ಯಾರ್ಥಿಗಳು ಅದನ್ನು ಅನುಕರಿಸಬೇಕಾಗಿಲ್ಲ. ಆದರೆ ಕೇಳಿದ ತಾಂತ್ರಿಕ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು ಎಂಬುದನ್ನು ಗಮನಿಸಬೇಕು. ಉತ್ತರ ಬಾರದಿದ್ದರೆ ಆ ಧೈರ್ಯಕ್ಕೆ ಬೆಲೆಯೇನಿತ್ತು?

ಮುಲಾಖತ್ತಿನಲ್ಲಿ ಕೇಳುವ ಪ್ರಶ್ನೆಗಳ ಹಿಂದೆ ಕೇಳದ ಸಂಶಯವೊಂದಿರುತ್ತದೆ. ಇವಳು ಇಲ್ಲಿ ನಿಂತಾಳೇ? ಹೊಂದಿಕೊಂಡಾಳೇ? ಬಹುಮಟ್ಟಿಗೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂದು ಹಿರಿಯರೊಬ್ಬರು ಹೇಳಿದರು. ಯಂತ್ರಗಳ ನಡುವೆ ನಾವು ಸ್ತ್ರೀಯರನ್ನು ಎಂದೂ ನೇಮಿಸಿಲ್ಲ. ನಿನ್ನಂಥವರಿಗೆ ಸಂಶೋಧನಾಲಯವೇ ತಕ್ಕದ್ದು, ಎಂದರು. ಸ್ತ್ರೀಯರನ್ನು ರಾತ್ರಿಪಾಳಿಗೆ ಹಚ್ಚಬಾರದೆಂದು 1948ರ ಕಾರ್ಖಾನೆ ಕಾಯಿದೆಯೂ ಆಗ ಹೇಳುತ್ತಿದ್ದುದರಿಂದ, ಕಾರ್ಖಾನೆಯವರಿಗೆ ಅದೂ ಒಂದು ನೆಪವಾಗುತ್ತಿತ್ತು. ಎಲ್ಲಿಂದಾದರೂ ಆರಂಭಿಸಲೇಬೇಕಲ್ಲ, ಇಲ್ಲವಾದರೆ ಯಾವ ಹೆಣ್ಣುಮಗಳೂ ನಿಮ್ಮಲ್ಲಿ ಕೆಲಸ ಮಾಡಲಾರಳು, ಎಂಬುದು ಸುಧಾ ಅವರ ಉತ್ತರ. ಬೇಡಿಕೆಯಲ್ಲ, ಜಗಳವೂ ಅಲ್ಲ. ಎದುರಿನವರು ಅಲ್ಲಗಳೆಯಲಾಗದ ಮಾತು. ನೌಕರಿ ದೊರೆಯಿತು. ನೇಮಕಾತಿಯಲ್ಲಿ ಸ್ತ್ರೀಪುರುಷ ಭೇದ ಮಾಡಬಾರದೆಂಬ ಸಮಾನ ವೇತನ ಕಾಯಿದೆ ಬಂದದ್ದು ಅದಾದ ಮೇಲೆ, 1976ರಲ್ಲಿ.

ಪಾಲಕರು ಇಷ್ಟನ್ನೂ ಕೇಳಿ ಕೆಲಹೊತ್ತು ಸುಮ್ಮನಿದ್ದರು. ಆಮೇಲೆ, “ಹೋಗಿಬರುವ ಖರ್ಚು ಇವರೂ ಕೊಡತಾರೇನ್ರಿ?” ಎಂದರು. ಕರೆಪತ್ರದ ಕೊನೆಯ ಸಾಲನ್ನು ಓದಿ ತೋರಿಸಿದೆ, ಕೊಡುತ್ತಿದ್ದರು. ಮರುವಾರ ತಂದೆ ಮಗಳಿಬ್ಬರೂ ಕೊಲ್ಲಾಪುರದಲ್ಲಿ ಪುಣೆಯ ಬಸ್ಸು ಹತ್ತಿದರು.