ಮನೆಯೊಳಗಿನ ಅವಧಾನ

ಅವಧಾನವನ್ನು ಕಣ್ಣಾರೆ ಕಂಡವರಿಗೆ ಅದರ ಕ್ರಮ ಗೊತ್ತು. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಕುಳಿತು ಎಂಟು ಬಗೆಯ ತೊಡಕುಗಳನ್ನು ಒಡ್ಡುತ್ತಾರೆ. ಒಬ್ಬರು ಸಮಸ್ಯೆ ಕೊಡುತ್ತಾರೆ. ಒಬ್ಬರು ಅಕ್ಷರಗಳನ್ನು ನಿಷೇಧಿಸುತ್ತಾರೆ. ಕೆಲವು ಸಭೆಗಳಲ್ಲಿ ಒಬ್ಬರು ನಡುನಡುವೆ ಗಂಟೆ ಬಾರಿಸಿ ಎಣಿಕೆ ಕೇಳುತ್ತಾರೆ. ಮತ್ತೊಬ್ಬರು ಅಪ್ರಸ್ತುತ ಪ್ರಸಂಗ ತೆಗೆದು ಗಮನ ಕೆಡಿಸುತ್ತಾರೆ. ಅವಧಾನಿ ಎಲ್ಲವನ್ನೂ ಒಂದೇ ಕ್ಷಣದಲ್ಲಿ ಮಾಡುತ್ತಾನೆಂದು ನೋಡಿದವರು ಬೆರಗಾಗುವುದುಂಟು. ನಿಜವಾಗಿ ಆತ ಒಬ್ಬರಿಗೆ ಪದ್ಯದ ಒಂದು ಪಾದವನ್ನು ಹೇಳಿ, ಅದನ್ನು ನೆನಪಿನಲ್ಲಿರಿಸಿ, ಮುಂದಿನವರತ್ತ ತಿರುಗುತ್ತಾನೆ. ನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ಪದ್ಯಗಳು ನಾಲ್ಕು ಪಾದಗಳಿಂದ ಪೂರ್ಣವಾಗಿರುತ್ತವೆ.

ಮನೆಯ ಹೊಣೆ ಹೊತ್ತವರು ಹೊಸದೊಂದು ಭಾಷೆಯನ್ನು ಕಲಿಯಲು ಹೊರಟಾಗ ನಡೆಯಬೇಕಾದದ್ದೂ ಇಂಥದೇ ಅವಧಾನ. ಇಲ್ಲಿ ಗಂಟೆ ಬಾರಿಸುವ ಕೆಲಸ ಕುಕ್ಕರಿನದು. ಅಪ್ರಸ್ತುತ ಪ್ರಸಂಗಕ್ಕೆ ಗ್ಯಾಸಿನವನೂ ಫೋನೂ ಹೇಳದೆ ಬರುವ ನೆಂಟರೂ ಇದ್ದೇ ಇದ್ದಾರೆ. ಇವುಗಳ ನಡುವೆ ಪಾಠ ಸಾಗುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ.

ನನ್ನ ಸೋದರಸೊಸೆಯೊಬ್ಬಳು ಈಗ ಇಟಾಲಿಯನ್ ಕಲಿಯುತ್ತಿದ್ದಾಳೆ. ಗಂಡನಿಗೆ ಟ್ಯೂರಿನ್ ನಗರದಲ್ಲಿ ಉದ್ಯೋಗ. ಮಗುವಿನ ಶಾಲೆಯ ವರ್ಷ ಮುಗಿದೊಡನೆ ಇವಳೂ ಹೊರಡಬೇಕು. ಐದು ವರ್ಷ ನೆಲೆಸಿ ದೀರ್ಘಾವಧಿಯ ವಾಸಕ್ಕೆ ಪರವಾನಗಿ ಬೇಡುವ ಪರದೇಶೀಯರು ಇಟಾಲಿಯನ್ ಬಲ್ಲೆವೆಂದು ತೋರಿಸಿಕೊಡಬೇಕೆಂಬ ನಿಯಮ ಆ ದೇಶದಲ್ಲಿ 2010ರ ಡಿಸೆಂಬರಿನಲ್ಲಿ ಜಾರಿಗೆ ಬಂದಿತು. ಭಾಷಾಜ್ಞಾನವನ್ನು ಅಳೆಯಲು ಯೂರೋಪಿನಲ್ಲಿ ಆರು ಮೆಟ್ಟಿಲುಗಳನ್ನು ಮಾಡಿಕೊಂಡಿದ್ದಾರೆ. ಈ ಪರವಾನಗಿಗೆ ಎರಡನೆಯ ಮೆಟ್ಟಿಲನ್ನು ಮುಟ್ಟಿರಬೇಕು. ಅದಕ್ಕೂ ಬಹಳ ಮುಂಚೆಯೇ ಮಗುವಿನ ಉಪಾಧ್ಯಾಯರೊಡನೆಯೂ ಔಷಧದಂಗಡಿಯಲ್ಲಿಯೂ ಮಾತಾಡಬೇಕಾಗುತ್ತದೆ. ಆದ್ದರಿಂದ ಈ ಕಲಿಕೆ ಅವಳಿಗೆ ಹೊತ್ತು ಕಳೆಯುವ ಸಾಧನವಲ್ಲ.

ವಾರಕ್ಕೆ ಮೂರು ದಿನ ಪಾಠ. ಪ್ರತಿ ಪಾಠಕ್ಕೂ ಮನೆಯಲ್ಲಿ ಬರೆಯಲು ಅಭ್ಯಾಸ. ಅತ್ತೆಯವರಿಗೆ ಮಂಡಿನೋವಾದ್ದರಿಂದ ಅಡುಗೆಮನೆ ಪೂರ್ತಿ ಇವಳದೇ. ಇದರ ಜೊತೆಗೆ ಚಿಕ್ಕಂದಿನಿಂದ ಜಲವರ್ಣ ಚಿತ್ರಗಳ ಹುಚ್ಚು. "ಪರೀಕ್ಷೆ ಆಗೋ ತನಕ ಬಣ್ಣದ ಡಬ್ಬಿ ಎತ್ತಿಡು" ಎಂದು ಮನೆಯವರು ಹೇಳಿದರು. ಎತ್ತಿಟ್ಟಳು. ಮೂರು ವಾರಗಳಲ್ಲಿ ಪಾಠದ ಪುಸ್ತಕವೂ ಅದೇ ಅಟ್ಟಕ್ಕೆ ಏರಿತು.

"ಮಾವ, ರಾತ್ರಿ ಪಾತ್ರೆಯೆಲ್ಲ ಮುಗಿಸಿ ಕೂತರೆ ಒಂದಕ್ಷರ ತಲೆಗೆ ಹತ್ತೋಲ್ಲ" ಎಂದಳು.

"ಎಲ್ಲ ಮುಗಿದ ಮೇಲೆ ಯಾಕಮ್ಮ ಕೂತ್ಕೋಬೇಕು? ಮನೆಕೆಲಸ ಮುಗಿಯೋದು ಅಂತ ಉಂಟೇ?" ಎಂದೆ.

ಮನೆವಾರ್ತೆಯ ಕೆಲಸಗಳಿಗೆ ಇಟಾಲಿಯನ್ನಿನಲ್ಲಿ 'ಫಚ್ಚೆಂದೆ' ಎಂಬ ಶಬ್ದವಿದೆ. ಲ್ಯಾಟಿನ್ನಿನಿಂದ ಬಂದ ಈ ಶಬ್ದಕ್ಕೆ 'ಮಾಡಬೇಕಾದವು' ಎಂದು ಮೂಲಾರ್ಥ. ಸಂಸ್ಕೃತದ 'ಕರ್ತವ್ಯ' ಶಬ್ದದ ಕಟ್ಟಡವೂ ಇಂಥದೇ. ಇಂದು ಎಷ್ಟು ಮಾಡಿದರೂ ನಾಳೆಗೆ ಮಾಡಬೇಕಾದದ್ದು ಇದ್ದೇ ಇರುತ್ತದೆಂಬುದು ಆ ಹೆಸರಿನಲ್ಲಿಯೇ ಅಡಗಿದೆ. ಅದು ಮುಗಿಯಲೆಂದು ಪಾಠವನ್ನು ಕಾಯಿಸಿದರೆ ಪಾಠದ ಸರದಿ ಎಂದಿಗೂ ಬಾರದು. ಆದ್ದರಿಂದ ಪಾಠವನ್ನೇ ಅಡುಗೆಮನೆಗೆ ಕರೆಯಬೇಕು.

ಇಟಾಲಿಯನ್ ಭಾಷೆ ಹಾಗೆ ಒಳಗೆ ಬರಲು ಒಪ್ಪುವ ಭಾಷೆ. ಕನ್ನಡಿಗರಿಗೆ ಅದರಲ್ಲಿ ಹಲವು ಅನುಕೂಲಗಳುಂಟು. ಬರೆದಂತೆ ಓದುವುದು ಬಹುಮಟ್ಟಿಗೆ ಅಲ್ಲಿನ ಪದ್ಧತಿ. ನಮ್ಮ ಮಾತುಗಳಂತೆ ಅಲ್ಲಿನವೂ ಹೆಚ್ಚಾಗಿ ಸ್ವರದಲ್ಲಿ ಕೊನೆಗೊಳ್ಳುತ್ತವೆ. ಅವರ ತಕಾರ ದಕಾರಗಳು ಹಲ್ಲಿಗೆ ನಾಲಗೆ ತಗುಲಿ ಹುಟ್ಟುವಂಥವು; ಇಂಗ್ಲಿಷಿನ ಅಭ್ಯಾಸದಿಂದ ಟ, ಡ ಎನ್ನದೆ ನಮ್ಮ ತ, ದಗಳನ್ನೇ ಉಚ್ಚರಿಸಿದರೆ ಸಾಕು. 'ನಾನು' ಎನ್ನದೆಯೇ 'ಬರುತ್ತೇನೆ' ಎಂದು ನಾವು ಹೇಳುವಂತೆ ಅವರೂ ಕರ್ತೃಪದವನ್ನು ಬಿಟ್ಟು ಕ್ರಿಯಾಪದದ ಪ್ರತ್ಯಯದಿಂದಲೇ ಅರ್ಥವನ್ನು ತೋರಿಸುತ್ತಾರೆ. ಒತ್ತಕ್ಷರದ ಬೆಲೆಯೂ ನಮಗೆ ಗೊತ್ತು. 'ಬಳಿ' ಬೇರೆ, 'ಬಳ್ಳಿ' ಬೇರೆ. ಹಾಗೆಯೇ ಅಲ್ಲಿ 'ಪೇನ' ಎಂದರೆ ಯಾತನೆ, 'ಪೆನ್ನ' ಎಂದರೆ ಲೇಖನಿ. 'ಕಾಸ' ಎಂದರೆ ಮನೆ, 'ಕಾಸ್ಸ' ಎಂದರೆ ಹಣದ ಪೆಟ್ಟಿಗೆ.

ಕಷ್ಟವಿರುವುದು ಲಿಂಗದಲ್ಲಿ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಪಾತ್ರೆ, ಚಮಚಗಳೆಲ್ಲ ನಪುಂಸಕ. ಇಟಾಲಿಯನ್ನಿನಲ್ಲಿ ನಪುಂಸಕಲಿಂಗವಿಲ್ಲ. ಪಾತ್ರೆ 'ಲ ಪೆಂತೊಲ', ಸ್ತ್ರೀಲಿಂಗ. ತಟ್ಟೆ 'ಇಲ್ ಪಿಯಾತ್ತೊ', ಪುಲ್ಲಿಂಗ. ಚಾಕು 'ಇಲ್ ಕೊಲ್ತೆಲ್ಲೊ', ಪುಲ್ಲಿಂಗ. ಮುಳ್ಳು ಚಮಚ 'ಲ ಫೊರ್ಕೆತ್ತ', ಸ್ತ್ರೀಲಿಂಗ. ಇದನ್ನು ಕೇಳಿ ನಗುವ ಮುನ್ನ ಸಂಸ್ಕೃತವನ್ನು ನೆನೆಯಬೇಕು. ಅಲ್ಲಿ ಹೆಂಡತಿ ಎಂಬ ಒಂದೇ ಅರ್ಥಕ್ಕೆ 'ಭಾರ್ಯಾ' ಸ್ತ್ರೀಲಿಂಗ, 'ದಾರ' ಪುಲ್ಲಿಂಗ, 'ಕಲತ್ರ' ನಪುಂಸಕ! ಇಂಥದಕ್ಕೆ ಬಾಯಿಪಾಠವೇ ದಾರಿ. ಪ್ರತಿ ನಾಮಪದವನ್ನೂ ಅದರ ಹಿಂದಿನ 'ಇಲ್' ಅಥವಾ 'ಲ' ಸಮೇತ ಕಲಿಯಬೇಕು. ಪಾತ್ರೆ ತೊಳೆಯುವಾಗ ಒಂದೊಂದರ ಹೆಸರನ್ನೂ ಹೀಗೆ ಹೇಳಿ ಬೋರಲು ಹಾಕಿದರೆ ಪಾತ್ರೆಯ ಜೊತೆಗೆ ಪಾಠವೂ ಒಂದಾವರ್ತಿ ಆಗುತ್ತದೆ.

ಇನ್ನು ಬಣ್ಣದ ಡಬ್ಬಿಯ ಮಾತು. ಅದನ್ನು ಎತ್ತಿಡುವುದು ಏಕೆ ಸರಿಯಲ್ಲವೆಂದು ತಿಳಿಯಲು ಇಟಲಿಯ ಒಂದು ಹಳೆಯ ಕಾಗದವನ್ನು ನೋಡಬಹುದು. ಶಿಲ್ಪಿ, ಚಿತ್ರಕಾರ ಮೈಕೆಲೇಂಜೆಲೊ 1518ರಲ್ಲಿ ತನಗೆ ಬಂದ ಪತ್ರವೊಂದರ ಹಿಂಬದಿಯಲ್ಲಿ ಊಟದ ಪಟ್ಟಿ ಬರೆದಿದ್ದಾನೆ. ಫ್ಲಾರೆನ್ಸಿನಲ್ಲಿ ಅವನ ಮನೆತನದ ಹೆಸರಿನ ಸಂಗ್ರಹಾಲಯದಲ್ಲಿ ಅದು ಭದ್ರವಾಗಿದೆ. ರೊಟ್ಟಿ ಇಷ್ಟು, ದ್ರಾಕ್ಷಾರಸ ಇಷ್ಟು, ಒಂದು ಹೆರಿಂಗ್ ಮೀನು, ಒಂದು ತಟ್ಟೆ ಪಾಲಕ್ ಸೊಪ್ಪು, ದೊಡ್ಡ ಸೋಂಪಿನ ಸಾರು ಎಂದು ಎಡಗಡೆ ಮಾತುಗಳು. ಎದುರಿಗೆ ಪ್ರತಿಯೊಂದರ ಪುಟ್ಟ ರೇಖಾಚಿತ್ರ. ಸಾಮಾನು ತರುವ ಆಳಿಗೆ ಓದು ಬಾರದಿದ್ದುದರಿಂದ ಚಿತ್ರ ಬರೆದುಕೊಟ್ಟನೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಭಾಷೆ, ಚಿತ್ರ, ಅಡುಗೆ ಮೂರೂ ಅಲ್ಲಿ ಒಂದೇ ಹಾಳೆಯ ಮೇಲಿವೆ.

ನನ್ನ ಸೋದರಸೊಸೆಗೆ ಈ ಪಟ್ಟಿಯ ಮುದ್ರಿತ ಚಿತ್ರವನ್ನು ತೋರಿಸಿದೆ. ಅಂದಿನಿಂದ ತರಕಾರಿಯ ಚೀಟಿಯನ್ನು ಅವಳು ಹೀಗೆಯೇ ಬರೆಯುತ್ತಾಳೆ. ಈರುಳ್ಳಿಯ ಚಿತ್ರ, ಪಕ್ಕದಲ್ಲಿ 'ಲ ಚಿಪೊಲ್ಲ'. ಬದನೆಯ ಚಿತ್ರ, ಪಕ್ಕದಲ್ಲಿ 'ಲ ಮೆಲನ್ಜಾನ'. ಹೀಗೆ ಬರೆದು ಕಲಿತದ್ದು ಮನಸ್ಸಿನಲ್ಲಿ ನಿಲ್ಲುತ್ತದೆಂಬುದಕ್ಕೆ ಆಧಾರವೂ ಉಂಟು. ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಶಬ್ದವನ್ನು ಬರಿದೇ ಬರೆದವರಿಗಿಂತ ಅದರ ಚಿತ್ರ ಬಿಡಿಸಿದವರು ಹೆಚ್ಚು ಶಬ್ದಗಳನ್ನು ನೆನಪಿಟ್ಟಿದ್ದರು. ಚಿತ್ರ ಚೆನ್ನಾಗಿರಬೇಕೆಂಬ ನಿರ್ಬಂಧವೂ ಇರಲಿಲ್ಲ. ಕೈ, ಕಣ್ಣು, ಅರ್ಥ ಮೂರೂ ಒಂದೇ ಶಬ್ದದ ಮೇಲೆ ಕೂಡಿದ್ದರ ಫಲವಿದು.

ಒಂದು ದಿನಕ್ಕೆ ಎಷ್ಟು ಕಲಿಯಬೇಕು? ಇದಕ್ಕೂ ಇಟಲಿಯ ಚಿತ್ರಕಾರರಲ್ಲಿ ಒಳ್ಳೆಯ ಅಳತೆಯೊಂದಿದೆ. ಗೋಡೆಯ ಹಸಿ ಗಾರೆಯ ಮೇಲೆ ಬರೆಯುವ ಚಿತ್ರಕ್ಕೆ 'ಫ್ರೆಸ್ಕೊ' ಎನ್ನುತ್ತಾರೆ. ಸಂತೆಯಲ್ಲಿ ತಾಜಾ ರೊಟ್ಟಿ, ತಾಜಾ ಮೀನು ಎನ್ನುವಾಗಲೂ ಇದೇ ಶಬ್ದ. ನೀರಿನಲ್ಲಿ ಕಲಸಿದ ಬಣ್ಣವನ್ನು ಹಸಿ ಸುಣ್ಣದ ಗಾರೆಯ ಮೇಲೆ ಬಳಿದರೆ, ಆ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ಕಲ್ಲಿನಂತಾಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಗಾರೆ ಒಣಗಿದ ಮೇಲೆ ಬಳಿದ ಬಣ್ಣಕ್ಕೆ ಈ ಹಿಡಿತ ಸಿಗದು. ಅದಕ್ಕೆಂದೇ ಅವರು ಆ ದಿನ ಬರೆದು ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಕೊನೆಯ ಗಾರೆ ಹಾಕುತ್ತಿದ್ದರು. ಆ ತುಂಡಿನ ಹೆಸರು 'ಜೊರ್ನಾತ', ಎಂದರೆ ಒಂದು ದಿನದ ಕೆಲಸ. ಸಂಜೆ ಉಳಿದ ಗಾರೆಯನ್ನು ಕೆತ್ತಿ ತೆಗೆದು, ಮರುದಿನ ಅದರ ಅಂಚಿಗೆ ಸೇರುವಂತೆ ಹೊಸ ಗಾರೆ ಹಾಕುವುದು ಕ್ರಮ. ಮೈಕೆಲೇಂಜೆಲೊ 1508ರಿಂದ 1512ರವರೆಗೆ ರೋಮಿನ ಸಿಸ್ಟೀನ್ ದೇಗುಲದ ಮಾಳಿಗೆಯನ್ನು ತುಂಬಿಸಿದ್ದು ಇಂಥ ತುಂಡುಗಳಿಂದಲೇ. ಬೆಸುಗೆಯ ಗೆರೆಗಳನ್ನು ನೋಡಿ, ಯಾವ ಭಾಗ ಮೊದಲು, ಯಾವುದು ಅನಂತರ ಎಂದು ತಜ್ಞರು ಇಂದಿಗೂ ಲೆಕ್ಕ ಹಾಕುತ್ತಾರೆ.

ಭಾಷೆಯ ಕಲಿಕೆಗೂ ಇದು ಒಪ್ಪುತ್ತದೆ. ದಿನಕ್ಕೆ ಎಂಟು ಹೊಸ ಶಬ್ದ, ಒಂದು ಕ್ರಿಯಾಪದದ ರೂಪಗಳು, ನಾಲ್ಕು ಸಾಲು ಬರವಣಿಗೆ: ಮನೆ ನಡೆಸುವವರಿಗೆ ಇಷ್ಟೇ ಒಂದು ಜೊರ್ನಾತ. ಬೆಳಿಗ್ಗೆ ಕಾಫಿಯ ನಂತರ ಕಾಲು ಗಂಟೆ, ಮಧ್ಯಾಹ್ನ ಕಾಲು ಗಂಟೆ, ಸಂಜೆ ದೀಪ ಹಚ್ಚುವ ಮುಂಚೆ ಕಾಲು ಗಂಟೆ ಎಂದು ಹಂಚಿಕೊಂಡರೆ ಸಾಕು. ಭಾನುವಾರ ನಾಲ್ಕು ಗಂಟೆ ಒಟ್ಟಿಗೆ ಕುಳಿತು ಓದಿದ್ದಕ್ಕಿಂತ ಬಿಡಿಬಿಡಿಯಾಗಿ ಓದಿದ್ದು ಹೆಚ್ಚು ಕಾಲ ಉಳಿಯುತ್ತದೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆಯೇ ಪ್ರಯೋಗ ನಡೆಸಿ ಬರೆದಿಟ್ಟ. ಅನಂತರದ ಪ್ರಯೋಗಗಳು ಅದನ್ನೇ ಸಮರ್ಥಿಸಿವೆ. ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ ಗಾರೆ ಹಾಕಬಾರದು. ಕೈಲಾಗುವ ಒಂದೇ ದಿನದ್ದನ್ನು ಹಾಕಬೇಕು.

ಇಷ್ಟೆಲ್ಲ ಉಪಾಯಗಳಿದ್ದರೂ ಒಂದು ಮಾತು ಮನೆಯ ಇತರರಿಗೆ ಸೇರಿದ್ದು. ಜ್ವರ ಬಂದವರಿರಲಿ, ನೆಂಟರಿರಲಿ, ಮನೆಯಲ್ಲಿ ಮೊದಲು ಮುಚ್ಚುವುದು ಗೃಹಿಣಿಯ ಪುಸ್ತಕ. ಮಗನ ಪರೀಕ್ಷೆ ಎಂದರೆ ರೇಡಿಯೋದ ದನಿ ತಗ್ಗಿಸುವ ನಾವು, ಅವನ ತಾಯಿಯ ಅಭ್ಯಾಸ ಪುಸ್ತಕದ ಮೇಲೆ ಹುರಳಿಕಾಯಿಯ ಬುಟ್ಟಿ ಇಡಲು ಹಿಂಜರಿಯುವುದಿಲ್ಲ. ಅವಧಾನಿಗೆ ಎಷ್ಟೇ ಸಾಮರ್ಥ್ಯವಿದ್ದರೂ ಗಂಟೆಯವರನ್ನೂ ಅಪ್ರಸ್ತುತ ಪ್ರಸಂಗದವರನ್ನೂ ಬಿಟ್ಟು ಉಳಿದ ಪೃಚ್ಛಕರು ತಮ್ಮ ಸರದಿ ಬರುವವರೆಗೆ ಸುಮ್ಮನಿದ್ದರೆ ಮಾತ್ರ ಸಭೆ ನಡೆಯುತ್ತದೆ.

ನನ್ನ ಸೋದರಸೊಸೆಯ ಮನೆಯಲ್ಲಿ ಈಗ ಸಂಜೆಯ ಕಾಲು ಗಂಟೆ ಒಲೆಯ ಮುಂದೆ ನಿಲ್ಲುವವರು ಅವಳ ಮಾವನವರು. ಹಾಲು ಒಂದೆರಡು ಸಲ ಉಕ್ಕಿದ್ದುಂಟು. ಪರೀಕ್ಷೆ ಇನ್ನೂ ಮುಂದಿದೆ. ಬಣ್ಣದ ಡಬ್ಬಿಯೂ ಪುಸ್ತಕವೂ ಅಟ್ಟದಿಂದ ಇಳಿದು ಊಟದ ಮೇಜಿನ ಒಂದು ಮೂಲೆಯಲ್ಲಿವೆ. ನಿಮ್ಮ ಮನೆಯಲ್ಲಿ ಯಾವ ಪುಸ್ತಕ ಅಟ್ಟಕ್ಕೇರಿದೆಯೆಂದು ಇಂದು ಸಂಜೆ ಒಮ್ಮೆ ನೋಡಿ, ಅದರ ಒಡತಿಗೆ ಕಾಲು ಗಂಟೆ ಬಿಡುವು ಮಾಡಿಕೊಡಿ.